ರಿಚ್ಪಳ ಕಾವಲು

ಬೈಬಲಿನ ನ್ಯಾಯದಲ್ಲಿ ಕಾಣುವ ವಿರೋಧಕ್ಕೆ ಸಲೀಸಾದ ಸಮಾಧಾನವೊಂದಿದೆ: ಹಳೆಯ ಒಡಂಬಡಿಕೆ ದಂಡನೆಯದು, ಹೊಸತು ಕ್ಷಮೆಯದು. ನನಗದು ಒಪ್ಪಿಗೆಯಿಲ್ಲ. ಜಗಳ ಇರುವುದು ಹಳೆಯದರ ಒಳಗೇ. ಅಪ್ಪನ ಪಾಪ ಮೂರು-ನಾಲ್ಕು ತಲೆಮಾರು ಬೆನ್ನಟ್ಟುತ್ತದೆ ಎನ್ನುವುದು ವಿಮೋಚನಕಾಂಡ. ಅಪ್ಪನ ತಪ್ಪಿಗೆ ಮಗನನ್ನು ಕೊಲ್ಲಕೂಡದು ಎನ್ನುವುದು ಧರ್ಮೋಪದೇಶಕಾಂಡ. ಮೊದಲನೆಯದು ದೇವರ ಕೈಯದು, ಎರಡನೆಯದು ಮನುಷ್ಯರ ನ್ಯಾಯಪೀಠಕ್ಕೆ ಹಾಕಿದ ಕಟ್ಟು ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ. ಯೆಹೆಜ್ಕೇಲ ಅದಕ್ಕೂ ಎಡೆ ಕೊಡುವುದಿಲ್ಲ; ಅವನ 18ನೇ ಅಧ್ಯಾಯದಲ್ಲಿ ಮಗನನ್ನು ಬಿಡುಗಡೆ ಮಾಡುವವನು ದೇವರೇ.

ಈ ಜಗಳಕ್ಕೆ ರಕ್ತಮಾಂಸ ತುಂಬುವುದು ಸಮುವೇಲನ ಎರಡನೇ ಗ್ರಂಥದ 21ನೇ ಅಧ್ಯಾಯ. ಮೂರು ವರ್ಷದ ಬರ. ಸತ್ತ ಅರಸ ಸೌಲ ಗಿಬ್ಯೋನ್ಯರೆಂಬ ಜನರನ್ನು ಕೊಂದಿದ್ದೇ ಕಾರಣವೆಂದು ದೇವರು ಈಗಿನ ಅರಸ ದಾವೀದನಿಗೆ ತಿಳಿಸುತ್ತಾನೆ. ಪರಿಹಾರ ಮಾತ್ರ ದೇವರು ಹೇಳಿದ್ದಲ್ಲ. ದಾವೀದ ಗಿಬ್ಯೋನ್ಯರನ್ನು ಕೇಳುತ್ತಾನೆ, ಅವರು ಸೌಲನ ಕುಲದ ಏಳು ಮಂದಿಯನ್ನು ಬೇಡುತ್ತಾರೆ. ಸೌಲನ ಮೊಮ್ಮಗ, ಯೋನಾತಾನನ ಮಗ, ಅವನಪ್ಪನಿಗೆ ದಾವೀದ ಮಾಡಿದ್ದ ಹಳೆಯ ಆಣೆಯ ದೆಸೆಯಿಂದ ಬಚಾವಾಗುತ್ತಾನೆ. ಸೌಲನ ಉಪಪತ್ನಿ ರಿಚ್ಪಳ ಇಬ್ಬರು ಮಕ್ಕಳಿಗೆ ಆ ಭಾಗ್ಯವಿಲ್ಲ. ಜವೆಗೋಧಿಯ ಸುಗ್ಗಿ ಶುರುವಾದಾಗ ಏಳೂ ಜನರನ್ನು ಕೊಂದು ತೂಗುಹಾಕುತ್ತಾರೆ. ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಮಳೆ ಬೀಳುವ ತನಕ, ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಅಟ್ಟುತ್ತ ಕೂರುತ್ತಾಳೆ. ಸುದ್ದಿ ಮುಟ್ಟಿದ ಮೇಲೆ ದಾವೀದ ಸತ್ತವರ ಎಲುಬು ಕೂಡಿಸುತ್ತಾನೆ, ಸೌಲ-ಯೋನಾತಾನರ ಎಲುಬು ತರಿಸಿ ಮಣ್ಣು ಮಾಡಿಸುತ್ತಾನೆ. ದೇವರು ನಾಡಿನ ಮೊರೆ ಆಲಿಸಿದನೆಂಬ ಮಾತು ಬರುವುದು ಅದಾದ ಮೇಲೆ, ಕೊಲೆಗಳಾದ ಕೂಡಲೇ ಅಲ್ಲ. ಬರೆದವನು ಈ ಕ್ರಮವನ್ನು ಸುಮ್ಮನೆ ಇಟ್ಟನೆಂದು ನಾನು ನಂಬಲಾರೆ.

ಶಿಕ್ಷೆಯೊಂದೇ ನ್ಯಾಯವಲ್ಲ ಎಂಬುದನ್ನು ಖಾನಾಪುರ ತಾಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1831ರಲ್ಲಿ ಅಲ್ಲಿನ ನಂದಗಡದಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದ್ದೂ ಕಾನೂನಿನ ಹೆಸರಿನಲ್ಲೇ. ಅವನ ಸಮಾಧಿಗೆ ಜನ ಇಂದಿಗೂ ಕೈಮುಗಿಯುತ್ತಾರೆ. ಶಿಕ್ಷೆಯಾಯಿತು ಎಂದಷ್ಟಕ್ಕೇ ನ್ಯಾಯವಾಯಿತೆಂದು ಈ ಸೀಮೆಯವರು ತಲೆಯಾಡಿಸುವವರಲ್ಲ.

ಆದರೆ ಕಥೋಲಿಕರ ಬಲಿಪೂಜೆಯ ವಾಚನಗಳಲ್ಲಿ ರಿಚ್ಪ ಬರುವುದೇ ಇಲ್ಲ. ಅದೇ ಗ್ರಂಥದ 24ನೇ ಅಧ್ಯಾಯ ಬರುತ್ತದೆ: ದಾವೀದ ಜನಗಣತಿ ಮಾಡಿಸಿದ್ದಕ್ಕೆ 70,000 ಪ್ರಜೆಗಳು ವ್ಯಾಧಿಗೆ ಬಲಿಯಾಗುವ ಕಥೆ. ಗಣತಿಗೆ ಅವನನ್ನು ಪ್ರೇರಿಸಿದವನು ಇಲ್ಲಿ ಸಿಟ್ಟಾದ ದೇವರು. ಇದೇ ಕಥೆ ಪೂರ್ವಕಾಲವೃತ್ತಾಂತಕ್ಕೆ ಬರುವಷ್ಟರಲ್ಲಿ ಸೈತಾನ. ಮೊದಲ ಮಾತು ಆ ಕಾಲದವರಿಗೇ ಅರಗಿರಲಿಲ್ಲ. ನಮ್ಮ ಕಾಲದವರು ಇನ್ನೂ ಜಾಣರು. ದೇವರು ಪ್ರೇರಿಸಿದನೆಂಬುದು ಆ ಅಧ್ಯಾಯದ ಒಂದನೇ ವಚನ. ವಾಚನ ಎರಡರಿಂದ ಶುರು. ಬೆಳಗಾವಿಯ ಫಾತಿಮಾ ಕೆಥೆಡ್ರಲ್‌ನಲ್ಲಾಗಲಿ ಖಾನಾಪುರದ ಹಳ್ಳಿ ಚರ್ಚಿನಲ್ಲಾಗಲಿ ಆ ವಾಚನದ ದಿನ ಕೂತು ಕೇಳುವವರಿಗೆ ದಾವೀದನೊಬ್ಬನೇ ತಪ್ಪಿತಸ್ಥ.