ಮಾಟಕ್ಕೂ ನಿಯಮಗಳುಂಟೆ? ಫ್ರೇಜರನ ಪರಿಭಾಷೆಯ ಮರುಪರಿಶೀಲನೆ

ಅನುನಾದದ ಪಾಠವಿರುವ ದಿನ ನಾನು ಎರಡು ಶ್ರುತಿಕವೆಗಳನ್ನು ಅವುಗಳ ಮರದ ಪೆಟ್ಟಿಗೆಗಳ ಸಮೇತ ತರಗತಿಗೆ ಒಯ್ಯುತ್ತೇನೆ. ಎರಡರ ಆವೃತ್ತಿಯೂ 256 ಹರ್ಟ್ಸ್. ಒಂದನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ, ಸ್ವಲ್ಪ ಹೊತ್ತಿನ ಬಳಿಕ ಕೈಯಿಂದ ಹಿಡಿದು ಸುಮ್ಮನಾಗಿಸಿದರೆ, ಯಾರೂ ಮುಟ್ಟದ ಇನ್ನೊಂದು ಕವೆ ಮೆಲ್ಲಗೆ ಮಿಡಿಯುತ್ತಿರುವುದು ಕೇಳಿಸುತ್ತದೆ. ಹಿಂದಿನ ಬೆಂಚಿನವರೂ ಆಗ ಮಾತು ನಿಲ್ಲಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಈ ಪ್ರಯೋಗ ಮುಗಿಯುತ್ತಲೇ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅವಳ ಅಕ್ಕ ಸಮಾಜಶಾಸ್ತ್ರ ಓದುತ್ತಿದ್ದಳಂತೆ. ಅಕ್ಕನ ಟಿಪ್ಪಣಿಯಲ್ಲಿ ಇವಳು ಏನನ್ನೋ ನೋಡಿದ್ದಳು. "ಸರ್, ಇದಕ್ಕೆ ಇಂಗ್ಲಿಷಿನಲ್ಲಿ ಸಿಂಪಥೆಟಿಕ್ ವೈಬ್ರೇಶನ್ ಅಂತಾರೆ. ಮಾಟಕ್ಕೂ ಸಿಂಪಥೆಟಿಕ್ ಮ್ಯಾಜಿಕ್ ಅಂತಾರೆ. ಒಂದೇ ತರಹ ಇರೋದು ಒಂದನ್ನೊಂದು ದೂರದಿಂದ ಅಲುಗಾಡಿಸುತ್ತೆ ಅನ್ನೋದೇ ಅಲ್ವಾ ಎರಡೂ ಕಡೆ?" ತರಗತಿ ನಕ್ಕಿತು. ನಾನು ಮಾಮೂಲಿನ ಉತ್ತರ ಕೊಟ್ಟೆ: ಮಾಟವೆಂಬುದು ದಾರಿ ತಪ್ಪಿದ ವಿಜ್ಞಾನ, ಇದು ಸರಿಯಾದ ವಿಜ್ಞಾನ. ಅವಳು ಕುಳಿತುಕೊಂಡಳು. ಆದರೆ ಸಮಾಧಾನವಾಗದೆ ಉಳಿದವನು ನಾನು. ಆ ಉತ್ತರ ನನ್ನದಾಗಿರಲಿಲ್ಲ. ಜೇಮ್ಸ್ ಜಾರ್ಜ್ ಫ್ರೇಜರನದು. ಎಲ್ಲೆಲ್ಲಿಂದಲೋ ಹಾದು ಬಂದ ಅದನ್ನು ನಾನು ಪರಿಶೀಲಿಸದೆಯೇ ಮೂವತ್ತು ವರ್ಷ ಪಾಠ ಹೇಳಿದ್ದೆ. ಅವನ ಪುಸ್ತಕವನ್ನು ಮತ್ತೆ ಓದಿ ನನಗನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ರೇಜರ್ 1854ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವನು. ಗ್ರೀಕ್ ಮತ್ತು ಲ್ಯಾಟಿನ್ ವಿದ್ವಾಂಸ, ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಫೆಲೊ. ಅವನ 'ದಿ ಗೋಲ್ಡನ್ ಬೌ', ಅಂದರೆ 'ಚಿನ್ನದ ರೆಂಬೆ', 1890ರಲ್ಲಿ ಎರಡು ಸಂಪುಟಗಳಾಗಿ ಬಂತು. 1900ರಲ್ಲಿ ಅದು ಮೂರಾಯಿತು, 1906ರಿಂದ 1915ರ ನಡುವೆ ಹನ್ನೆರಡಾಗಿ ಬೆಳೆಯಿತು. ಸಾಮಾನ್ಯವಾಗಿ ನಮ್ಮ ಕೈಗೆ ಸಿಗುವುದು 1922ರ ಒಂದೇ ಸಂಪುಟದ ಸಂಗ್ರಹ. ರೋಮಿನ ಬಳಿ ನೆಮಿ ಸರೋವರದ ಪಕ್ಕ ಡಯಾನಾ ದೇವಿಯ ವನವಿತ್ತು. ಅಲ್ಲಿನ ಪೂಜಾರಿಯಾಗಬೇಕೆಂದವನು ಒಂದು ಮರದ ರೆಂಬೆ ಮುರಿದು, ಇದ್ದ ಪೂಜಾರಿಯನ್ನು ಕೊಲ್ಲಬೇಕಿತ್ತು. ಈ ವಿಚಿತ್ರ ಪದ್ಧತಿಗೆ ವಿವರಣೆ ಹುಡುಕಹೊರಟ ಫ್ರೇಜರ್ ಲೋಕದ ಆಚರಣೆಗಳನ್ನೆಲ್ಲ ರಾಶಿ ಹಾಕಿದ. ತಾನು ಯಾರ ಬಗ್ಗೆ ಬರೆದನೋ ಅವರ ನಡುವೆ ಹೋಗಿ ಬಾಳಿದವನಲ್ಲ. ಮಿಷನರಿಗಳು, ಪ್ರವಾಸಿಗಳು, ಅಧಿಕಾರಿಗಳು ಬರೆದದ್ದು, ಅವನ ಪ್ರಶ್ನಾವಳಿಗೆ ಅಂಥವರು ಕಳಿಸಿದ ಉತ್ತರಗಳು, ಇವೇ ಅವನ ಸಾಮಗ್ರಿ.

ಭೌತವಿಜ್ಞಾನದವರು ಗಮನಿಸಬೇಕಾದ ಸಂಗತಿಯೊಂದಿದೆ. ಗ್ಲಾಸ್ಗೋದಲ್ಲಿ ಅವನು ವಿಲಿಯಂ ಥಾಮ್ಸನ್‌ನ, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನ, ಉಪನ್ಯಾಸಗಳನ್ನು ಕೇಳಿದ್ದ. ವಿಶ್ವ ಎಂದೂ ಬದಲಾಗದ ನಿಖರ ನಿಯಮಗಳಿಗೆ ಒಳಪಟ್ಟಿದೆ ಎಂಬ ಕಲ್ಪನೆ ತನಗೆ ದೊರೆತದ್ದು ಅಲ್ಲಿ ಎಂದು ಅವನೇ ನೆನೆದಿದ್ದಾನೆ. ಉಪನ್ಯಾಸದಿಂದ ನಿಯಮವೆಂಬ ಮಾತು ಅವನಿಗೆ ಬಂತು. ಅಳತೆಯ ಅಭ್ಯಾಸ ಬರಲಿಲ್ಲ. ನನ್ನ ತಕರಾರೆಲ್ಲ ಇಷ್ಟರಲ್ಲೇ ಇದೆ ಎನ್ನಬಹುದು.

ಮಾಟದ ಹಿಂದೆ ಎರಡು ನಿಯಮಗಳಿವೆ ಎನ್ನುತ್ತಾನೆ ಫ್ರೇಜರ್. ಮೊದಲನೆಯದು ಸಾದೃಶ್ಯ ನಿಯಮ: ಸಮಾನವಾದದ್ದು ಸಮಾನವಾದದ್ದನ್ನು ಉಂಟುಮಾಡುತ್ತದೆ. ವೈರಿಯ ಗೊಂಬೆಗೆ ಸೂಜಿ ಚುಚ್ಚಿದರೆ ವೈರಿಗೆ ನೋವು. ನೀರು ಚಿಮುಕಿಸಿದರೆ ಮಳೆ. ಎರಡನೆಯದು ಸಂಪರ್ಕ ನಿಯಮ: ಒಮ್ಮೆ ಕೂಡಿದ್ದ ವಸ್ತುಗಳು ಬೇರ್ಪಟ್ಟ ಮೇಲೂ ಒಂದರ ಮೇಲೊಂದು ಪ್ರಭಾವ ಬೀರುತ್ತಲೇ ಇರುತ್ತವೆ. ಕತ್ತರಿಸಿದ ಉಗುರು, ಕೂದಲು ಯಾರ ಕೈಗೂ ಸಿಗಬಾರದೆಂದು ನಮ್ಮ ಅಜ್ಜಿಯರು ಎಚ್ಚರ ವಹಿಸುತ್ತಿದ್ದುದು ಈ ಬಗೆಯದು. ಎರಡೂ ಸೇರಿ 'ಸಿಂಪಥೆಟಿಕ್ ಮ್ಯಾಜಿಕ್'. ಇದನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಮ್ಯಾಜಿಕ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ವೇದಿಕೆಯ ಜಾದೂ, ಯಕ್ಷಿಣಿ. ಅಲ್ಲಿ ನಡೆಯುವುದು ಕೈಚಳಕವೆಂದು ಆಡುವವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಫ್ರೇಜರ್ ಹೇಳುವುದು ಮಾಟವನ್ನು. ಆದರೆ ಮಾಟವೆಂದರೆ ನಮ್ಮಲ್ಲಿ ಕೇಡು ಬಗೆಯುವುದು ಎಂದೇ ಅರ್ಥ; ಅವನ ಪದದಲ್ಲಿ ಮಳೆ ತರಿಸುವುದೂ ಬೆಳೆ ಹೆಚ್ಚಿಸುವುದೂ ಸೇರಿವೆ. ಬೇರೆ ಒಳ್ಳೆಯ ಪದ ತೋಚದೆ ನಾನು ಮಾಟವೆಂದೇ ಬಳಸುತ್ತಿದ್ದೇನೆ. 'ಪೇಗನ್' ಎಂಬುದರ ಕತೆಯೂ ಹೀಗೆಯೇ. ಹಳ್ಳಿಯವನು ಎಂಬ ಅರ್ಥದ ಲ್ಯಾಟಿನ್ ಪದ ಕ್ರೈಸ್ತರಲ್ಲದವರೆಲ್ಲರ ಹೆಸರಾಯಿತು. ಅದು ಹೊರಗಿನವರು ಅಂಟಿಸಿದ ಚೀಟಿ.

ಸಾವಿರಾರು ಚದುರಿದ ಆಚರಣೆಗಳನ್ನು ಎರಡು ತಲೆಬರಹಗಳಡಿ ತಂದದ್ದು ಸಣ್ಣ ಸಾಧನೆಯಲ್ಲ. ವರ್ಗೀಕರಣವಾಗಿ ಅದು ಇಂದಿಗೂ ಉಪಯುಕ್ತ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಮಾಟಗಾರನೂ ವಿಜ್ಞಾನಿಯೂ ಪ್ರಕೃತಿಯಲ್ಲಿ ತಪ್ಪದ ಕ್ರಮವಿದೆ ಎಂದು ನಂಬುತ್ತಾರೆ. ಆದ್ದರಿಂದ ಇಬ್ಬರ ಮೂಲ ಕಲ್ಪನೆ ಒಂದೇ. ಮಾಟಗಾರ ತಪ್ಪು ನಿಯಮ ಹಿಡಿದ, ಅಷ್ಟೆ ವ್ಯತ್ಯಾಸ ಎಂಬುದು ಫ್ರೇಜರನ ವಾದ. ಫಲಿಸಿದ ಮಾಟ ಮಾಟವಾಗಿ ಉಳಿಯದು, ವಿಜ್ಞಾನವಾಗಿಬಿಡುತ್ತದೆ ಎಂದೂ ಹೇಳುತ್ತಾನೆ. ಹಾಗಾದರೆ 'ಮಾಟ ಸುಳ್ಳು' ಎಂಬುದು ಅವನು ಕಂಡುಕೊಂಡ ಫಲಿತಾಂಶವಲ್ಲ, ಮೊದಲೇ ಬರೆದಿಟ್ಟ ವ್ಯಾಖ್ಯೆ. ಪರೀಕ್ಷೆಗೆ ಮುನ್ನವೇ ಅಂಕಪಟ್ಟಿ ತುಂಬಿದ ಹಾಗೆ.

ಇನ್ನೊಂದು ಸಾಲು ನನ್ನಂಥ ಓದುಗನನ್ನು ತಡೆದು ನಿಲ್ಲಿಸುತ್ತದೆ. ಗೊಂಬೆಯಿಂದ ವೈರಿಗೆ ಪ್ರಭಾವ ಸಾಗುವುದು ಹೇಗೆ ಎಂಬಲ್ಲಿ ಫ್ರೇಜರ್, ಕಣ್ಣಿಗೆ ಕಾಣದ ಈಥರ್‌ನಂಥದ್ದನ್ನು ಮಾಟಗಾರ ಊಹಿಸುತ್ತಾನೆ, ಆಧುನಿಕ ವಿಜ್ಞಾನವೂ ಇಂಥ ಕಾರಣಕ್ಕೇ ಅದನ್ನು ಊಹಿಸಿದೆ ಎನ್ನುತ್ತಾನೆ. ಮೈಕಲ್‌ಸನ್ ಮತ್ತು ಮಾರ್ಲೆ ಈಥರ್‌ನಲ್ಲಿ ಭೂಮಿಯ ಚಲನೆಯನ್ನು ಅಳೆಯಹೋಗಿ ಬರಿಗೈಯಲ್ಲಿ ಮರಳಿದ್ದು 1887ರಲ್ಲಿ. ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದು ತೋರಿಸಿದ್ದು 1905ರಲ್ಲಿ. 1922ರ ಸಂಗ್ರಹದಲ್ಲೂ ಆ ಸಾಲು ಹಾಗೆಯೇ ಉಳಿದಿದೆ. ಗ್ರೀಕ್ ವಿದ್ವಾಂಸ ಭೌತವಿಜ್ಞಾನದ ಸುದ್ದಿ ಓದಲಿಲ್ಲವೆಂದು ದೂರುವುದು ನನ್ನ ಉದ್ದೇಶವಲ್ಲ. ಈಥರ್ ಸೋತದ್ದು ಹೇಗೆ ಎಂಬುದೇ ಅವನ ಹೋಲಿಕೆಯನ್ನು ಮುರಿಯುತ್ತದೆ. ವಿಜ್ಞಾನಿಗಳ ಈಥರ್ ಒಂದು ನಿರ್ದಿಷ್ಟ ಸಂಖ್ಯೆಯನ್ನು ಮುಂಗಾಣಿಸಿತ್ತು, ಉಪಕರಣದಲ್ಲಿ ಅದು ಕಾಣಲಿಲ್ಲ, ಈಥರ್ ಹೋಯಿತು. ಮಾಟಗಾರನ ಈಥರ್ ಎಷ್ಟು ದೂರಕ್ಕೆ ಎಷ್ಟು ಕ್ಷೀಣಿಸುತ್ತದೆ? ಈ ಪ್ರಶ್ನೆಗೆ ಉತ್ತರವಿಲ್ಲದ ಕಾರಣ ಅದು ಸೋಲಲಾರದು.

ಸಾದೃಶ್ಯಕ್ಕೂ ಇದೇ ಮಾತು. ಭೌತವಿಜ್ಞಾನದಲ್ಲೂ ಸಾದೃಶ್ಯ ನಿಯಮಗಳುಂಟು. ಫ್ರೇಜರನ ಕಾಲದಲ್ಲೇ, 1870ರ ದಶಕದಲ್ಲಿ, ಇಂಗ್ಲೆಂಡಿನ ಟಾರ್ಕಿಯಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಉದ್ದನೆಯ ನೀರಿನ ತೊಟ್ಟಿಯಲ್ಲಿ ಪುಟ್ಟ ಹಡಗುಗಳನ್ನು ಎಳೆದು ದೊಡ್ಡ ಹಡಗುಗಳ ನಡತೆಯನ್ನು ಲೆಕ್ಕ ಹಾಕುತ್ತಿದ್ದ. ದೂರದಿಂದ ನೋಡಿದವನಿಗೆ ಇದೂ ಗೊಂಬೆಯಾಟವೇ. ಆದರೆ ಮಾದರಿ ಹಡಗು ಅಚ್ಚುಕಟ್ಟಾಗಿ ಅದೇ ಆಕಾರದಲ್ಲಿದ್ದರೆ ಸಾಲದು. ವೇಗಗಳು ಉದ್ದಗಳ ವರ್ಗಮೂಲದ ಅನುಪಾತದಲ್ಲಿರಬೇಕು. ಹಡಗಿನ ಇಪ್ಪತ್ತೈದನೇ ಒಂದರಷ್ಟು ಉದ್ದದ ಮಾದರಿಯನ್ನು ಐದನೇ ಒಂದರಷ್ಟು ವೇಗದಲ್ಲಿ ಎಳೆದರೆ ಮಾತ್ರ ಎರಡೂ ಎಬ್ಬಿಸುವ ಅಲೆಗಳ ವಿನ್ಯಾಸ ಒಂದೇ ಆಗುತ್ತದೆ. ಹಾಗಿದ್ದೂ ನೀರಿನ ಘರ್ಷಣೆ ಈ ಅನುಪಾತಕ್ಕೆ ಬಗ್ಗುವುದಿಲ್ಲ. ಫ್ರೂಡ್ ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕಾಯಿತು. ಯಾವುದರಲ್ಲಿ ಸಾದೃಶ್ಯ, ಯಾವುದರಲ್ಲಿ ಅಲ್ಲ, ಎರಡನ್ನೂ ಹೇಳಿದಾಗ ಮಾತ್ರ ಅದು ನಿಯಮ. ಲೋಕದಲ್ಲಿ ಯಾವ ಎರಡು ವಸ್ತುಗಳನ್ನು ತೆಗೆದುಕೊಂಡರೂ ಯಾವುದೋ ಒಂದು ವಿಷಯದಲ್ಲಿ ಹೋಲಿಕೆ ಇದ್ದೇ ಇರುತ್ತದೆ. 'ಸಮಾನವಾದದ್ದು' ಎಂದಷ್ಟೇ ಹೇಳಿ ನಿಲ್ಲಿಸಿದರೆ ಏನನ್ನೂ ಹೇಳಿದಂತಾಗಲಿಲ್ಲ.

ಸಂಪರ್ಕ ನಿಯಮದ ವಿಷಯದಲ್ಲಿ ಇತಿಹಾಸ ಇನ್ನೂ ಸ್ವಾರಸ್ಯಕರ. ಹದಿನೇಳನೇ ಶತಮಾನದ ಯೂರೋಪಿನಲ್ಲಿ 'ಆಯುಧದ ಮುಲಾಮು' ಎಂಬ ಚಿಕಿತ್ಸೆ ಹೆಸರಾಗಿತ್ತು. ಗಾಯ ಮಾಡಿದ ಕತ್ತಿಗೆ ಮುಲಾಮು ಹಚ್ಚುವುದು. ಗಾಯವನ್ನು ತೊಳೆದು ಶುಭ್ರವಾದ ಬಟ್ಟೆ ಕಟ್ಟಿ ಬಿಡುವುದು. ಕೆನೆಲ್ಮ್ ಡಿಗ್ಬಿ ಎಂಬ ಆಂಗ್ಲ ಶ್ರೀಮಂತ ರಕ್ತದ ಪಟ್ಟಿಯನ್ನು ವಿಟ್ರಿಯಲ್ ಲವಣದ ದ್ರಾವಣದಲ್ಲಿ ಅದ್ದಿ ವಾಸಿ ಮಾಡುವ 'ಸಹಾನುಭೂತಿಯ ಪುಡಿ'ಯ ಬಗ್ಗೆ 1658ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಫ್ರೇಜರನೂ ಆಯುಧಕ್ಕೆ ಮುಲಾಮು ಹಚ್ಚುವ ಪದ್ಧತಿಯನ್ನು ದಾಖಲಿಸಿ, ಸಂಪರ್ಕದ ಭ್ರಮೆ ಎಂದು ಪಟ್ಟಿಗೆ ಸೇರಿಸುತ್ತಾನೆ. ಆದರೆ ಗಾಯಗಳು ಹಲವು ಬಾರಿ ನಿಜವಾಗಿಯೂ ವಾಸಿಯಾಗುತ್ತಿದ್ದಿರಬೇಕು. ಅಂದಿನ ಎಷ್ಟೋ ಮುಲಾಮುಗಳು ಗಾಯಕ್ಕೆ ಹಚ್ಚುವುದಕ್ಕಿಂತ ಕತ್ತಿಗೆ ಹಚ್ಚುವುದೇ ಕ್ಷೇಮವೆನ್ನುವಂಥವು! ಶುಚಿಯಾಗಿಟ್ಟು ಸುಮ್ಮನೆ ಬಿಟ್ಟ ಗಾಯ ತಾನೇ ಮಾಗಿತು. ಕೀರ್ತಿ ಕತ್ತಿಗೆ ಹೋಯಿತು. ಇಲ್ಲಿ ಕೊರತೆಯಾದದ್ದು ಪ್ರಕೃತಿಯ ಕ್ರಮದಲ್ಲಿ ನಂಬಿಕೆಯಲ್ಲ. ಕತ್ತಿಗೆ ಏನನ್ನೂ ಹಚ್ಚದೆ, ಗಾಯವನ್ನು ಅದೇ ರೀತಿ ತೊಳೆದು ಕಟ್ಟಿದ ಇನ್ನೊಂದು ಗುಂಪು.

ಹಾಗೆಂದು ಮಾಟ, ಗೂಢವಿದ್ಯೆ ಎಂಬ ಹಣೆಪಟ್ಟಿ ಇದ್ದಲ್ಲೆಲ್ಲ ಪರೀಕ್ಷೆ ಇರಲಿಲ್ಲವೆಂದೂ ಹೇಳಲಾಗದು. ಬೆಳ್ಳುಳ್ಳಿ ತಾಗಿದರೆ ಅಯಸ್ಕಾಂತದ ಬಲ ಹೋಗುತ್ತದೆ ಎಂಬ ಮಾತು ಪ್ಲುಟಾರ್ಕನ ಕಾಲದಿಂದ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಿತ್ತು. ಇದನ್ನು ಅಲ್ಲಗಳೆದವರಲ್ಲಿ ಇಟಲಿಯ ಜಾಂಬಟಿಸ್ಟಾ ಡೆಲ್ಲಾ ಪೋರ್ಟಾ ಒಬ್ಬ. 1589ರಲ್ಲಿ ವಿಸ್ತರಿಸಿ ಪ್ರಕಟಿಸಿದ ಅವನ ಪುಸ್ತಕದ ಹೆಸರೇ 'ನಿಸರ್ಗದ ಮ್ಯಾಜಿಕ್'! ನಾವಿಕರನ್ನು ವಿಚಾರಿಸಿದ, ಈರುಳ್ಳಿ ಬೆಳ್ಳುಳ್ಳಿ ಬಿಡುವುದಕ್ಕಿಂತ ಪ್ರಾಣ ಬಿಡುತ್ತೇವೆ ಎಂದು ಅವರು ನಕ್ಕರು. ತಾನೇ ಬೆಳ್ಳುಳ್ಳಿ ತಿಂದು ಅಯಸ್ಕಾಂತದ ಮೇಲೆ ಉಸಿರು ಬಿಟ್ಟ, ತೇಗಿದ, ಕೊನೆಗೆ ರಸವನ್ನೇ ಬಳಿದ. ಅಯಸ್ಕಾಂತ ಮೊದಲಿನಂತೆಯೇ ಕೆಲಸ ಮಾಡಿತು. ಇಷ್ಟು ಮಾಡಿದವನೇ, ವಜ್ರದಿಂದ ಉಜ್ಜಿದ ಕಬ್ಬಿಣ ಉತ್ತರಕ್ಕೆ ತಿರುಗುತ್ತದೆ ಎಂದು ಬರೆದಿಟ್ಟ. ವಿಲಿಯಂ ಗಿಲ್ಬರ್ಟ್ ಅನೇಕ ಸಾಕ್ಷಿಗಳ ಮುಂದೆ 75 ವಜ್ರಗಳಿಂದ ಪರೀಕ್ಷಿಸಿ ಹಾಗೇನೂ ಆಗುವುದಿಲ್ಲವೆಂದು 1600ರ ತನ್ನ ಗ್ರಂಥದಲ್ಲಿ ವರದಿ ಮಾಡಿದ. ಪೋರ್ಟಾ ಒಂದು ಪುಟದಲ್ಲಿ ವಿಜ್ಞಾನಿ, ಇನ್ನೊಂದರಲ್ಲಿ ಅಲ್ಲ. ಮಾಟದ ಯುಗ, ಮತಧರ್ಮದ ಯುಗ, ವಿಜ್ಞಾನದ ಯುಗ ಎಂದು ಫ್ರೇಜರ್ ಕಟ್ಟಿದ ಮೂರು ಮೆಟ್ಟಿಲುಗಳಲ್ಲಿ ಇಂಥವನನ್ನು ಎಲ್ಲಿ ನಿಲ್ಲಿಸುವುದು? ರಸವಿದ್ಯೆಯ ಹಸ್ತಪ್ರತಿಗಳನ್ನು ರಾಶಿ ರಾಶಿಯಾಗಿ ಬಿಟ್ಟುಹೋದ ನ್ಯೂಟನ್‌ನನ್ನು? ಅವನ ಗುರುತ್ವವನ್ನೇ ಲೈಬ್ನಿಟ್ಸ್ 'ಅಕಲ್ಟ್', ಅಂದರೆ ಗೂಢ, ಗುಣವೆಂದು ಹೀಗಳೆದಿದ್ದ. ಕಾರಣ ತನಗೂ ಗೊತ್ತಿಲ್ಲ ಎಂದು ನ್ಯೂಟನ್ 1713ರ ಆವೃತ್ತಿಯಲ್ಲಿ ಒಪ್ಪಿಕೊಂಡ. ಆದರೆ ದೂರದ ವರ್ಗಕ್ಕೆ ವಿಲೋಮವಾಗಿ ಎಂಬ ಅಳತೆ ಅವನ ಬಳಿ ಇತ್ತು.

ಫ್ರೇಜರನ ಪುಸ್ತಕದಿಂದಲೇ ಸ್ಫೂರ್ತಿ ಪಡೆದು ಮಾನವಶಾಸ್ತ್ರಕ್ಕೆ ಬಂದ ಬ್ರೊನಿಸ್ಲಾವ್ ಮಲಿನೋವ್ಸ್ಕಿ ಭೌತವಿಜ್ಞಾನ, ಗಣಿತ ಓದಿದ್ದವನು. ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅವನು ಕಂಡದ್ದು: ಶಾಂತವಾದ ಒಳಗಡಲಿನಲ್ಲಿ ಮೀನು ಹಿಡಿಯುವಾಗ ಜನ ತಮ್ಮ ತಿಳಿವಳಿಕೆಯನ್ನೇ ನೆಚ್ಚುತ್ತಾರೆ; ಅಪಾಯದ ತೆರೆದ ಕಡಲಿಗೆ ಹೋಗುವಾಗ ಮಾತ್ರ ವಿಸ್ತಾರವಾದ ಮಾಟ ಮಾಡುತ್ತಾರೆ. ಆಫ್ರಿಕಾದ ಅಜಾಂಡೆ ಜನರ ನಡುವೆ ಇದ್ದ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಬರೆದ ಕಣಜದ ಉದಾಹರಣೆ ಇನ್ನೂ ತೀಕ್ಷ್ಣ. ಕಣಜ ಕುಸಿದು, ನೆರಳಿಗೆ ಕೂತವರ ಮೇಲೆ ಬೀಳುತ್ತದೆ. ಗೆದ್ದಲು ಕಂಬ ತಿಂದಿತ್ತೆಂದು ಅಜಾಂಡೆಗಳಿಗೆ ಚೆನ್ನಾಗಿ ಗೊತ್ತು. ಅವರು ಮಾಟವನ್ನು ಎಳೆದು ತರುವುದು ಬೇರೊಂದು ಪ್ರಶ್ನೆಗೆ: ಇವರೇ ಕೂತಿದ್ದಾಗ ಈ ಗಳಿಗೆಯಲ್ಲೇ ಏಕೆ? ಭೌತವಿಜ್ಞಾನ ಅದಕ್ಕೆ ಆಕಸ್ಮಿಕ ಎನ್ನುತ್ತದೆ. ಆ ಉತ್ತರ ಸರಿ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅದನ್ನು ಹೇಳಿ ನೋಡಿ. ಇವರೆಲ್ಲ ವಿಜ್ಞಾನ ಮಾಡಹೋಗಿ ಎಡವಿದವರು ಎಂಬ ಚಿತ್ರ ಇಲ್ಲಿ ನಿಲ್ಲುವುದಿಲ್ಲ.

ಇದೆಲ್ಲ ನೂರು ವರ್ಷದ ಹಿಂದಿನ ವಿದ್ವಾಂಸರ ಜಗಳ, ನಮಗೇಕೆ ಎಂದು ಶಿಕ್ಷಕರು ಕೇಳಬಹುದು. ಅಲೀಸ್ಟರ್ ಕ್ರೌಲಿ ಎಂಬ ಇಂಗ್ಲಿಷ್ ಗೂಢವಾದಿ, ಜಾದೂವಿನಿಂದ ಬೇರೆ ಎಂದು ತೋರಿಸಲು ಮ್ಯಾಜಿಕ್ ಪದಕ್ಕೆ ಒಂದು ಅಕ್ಷರ ಹೆಚ್ಚು ಸೇರಿಸಿ, ತನ್ನದನ್ನು ವಿಜ್ಞಾನವೆಂದೂ ಕಲೆಯೆಂದೂ ಕರೆದ. 1929-30ರಲ್ಲಿ ಅಚ್ಚಾದ ಅವನ ಮುಖ್ಯ ಗ್ರಂಥದ ಆರಂಭದಲ್ಲೇ ಫ್ರೇಜರನ ಮಾತುಗಳನ್ನು ಎತ್ತಿ ಕೊಟ್ಟಿದ್ದಾನೆ, ಮಾಟದ ಮೂಲ ಕಲ್ಪನೆಯೂ ವಿಜ್ಞಾನದ್ದೂ ಒಂದೇ ಎಂಬುವನ್ನು. ಮಾಟವನ್ನು ಬಯಲಿಗೆಳೆಯಲು ಬರೆದದ್ದು ಮಾಟಗಾರನಿಗೆ ಪ್ರಮಾಣಪತ್ರವಾಯಿತು! ನನ್ನ ತರಗತಿಯ ಉತ್ತರದಿಂದ ಆಗುತ್ತಿದ್ದುದೂ ಅದೇ. ವಿಜ್ಞಾನವೆಂದರೆ ನಿಯಮದಲ್ಲಿ ನಂಬಿಕೆ ಎಂದು ಕಲಿತ ಹುಡುಗ, ಕಂಪನದ ನಿಯಮ, ಶಕ್ತಿಯ ನಿಯಮ ಎಂದು ಮಾತನಾಡುವ ಯಾರನ್ನಾದರೂ ವಿಜ್ಞಾನಿ ಎಂದೇ ಭಾವಿಸುತ್ತಾನೆ.

ಕನ್ನಡದಲ್ಲಿ ಈ ಜಾರುವಿಕೆ ಇನ್ನೂ ಸುಲಭ. ಜೂಲ್‌ಗಳಲ್ಲಿ ಅಳೆಯುವುದೂ ಶಕ್ತಿ, ಊರ ಗಡಿಯ ದೇವತೆಯೂ ಶಕ್ತಿ. ಚೈತನ್ಯವೆಂದರೂ ಹಾಗೆಯೇ. ಅಯಸ್ಕಾಂತದ ಪಾಠದ 'ಆಕರ್ಷಣೆ' ತಂತ್ರಶಾಸ್ತ್ರದ ಕೆಲವು ಪಟ್ಟಿಗಳಲ್ಲಿ ವಶೀಕರಣ, ಸ್ತಂಭನ, ಉಚ್ಚಾಟನಗಳ ಪಕ್ಕದಲ್ಲಿದೆ. ಪದಗಳನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷಿನ 'ಸಿಂಪಥಿ'ಗೂ ಇದೇ ಗತಿ. ಎರಡು ಶಕ್ತಿಗಳಲ್ಲಿ ಯಾವುದಕ್ಕೆ ಏಕಮಾನವಿದೆ ಎಂದು ಪಾಠದ ಮೊದಲ ದಿನವೇ ಕೇಳಬಹುದು.

1784ರಲ್ಲಿ ಪ್ಯಾರಿಸ್ಸಿನಲ್ಲಿ ಅಂಥದ್ದೇ ಪ್ರಶ್ನೆ ಬಂದಿತ್ತು. ಮೆಸ್ಮರನ 'ಪ್ರಾಣಿ ಅಯಸ್ಕಾಂತತೆ'ಯನ್ನು ಪರೀಕ್ಷಿಸಲು ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಇದ್ದರು. ಫ್ರಾಂಕ್ಲಿನ್‌ನ ತೋಟದಲ್ಲಿ ಒಂದು ಮರವನ್ನು 'ಅಯಸ್ಕಾಂತಗೊಳಿಸಿ', ಕಣ್ಣು ಕಟ್ಟಿದ ಹನ್ನೆರಡು ವರ್ಷದ ಹುಡುಗನನ್ನು ಮರದಿಂದ ಮರಕ್ಕೆ ನಡೆಸಿದರು. ನಾಲ್ಕನೆಯ ಮರದ ಬಳಿ ಅವನು ಮೂರ್ಛೆ ಹೋದ. ಆ ಮರವನ್ನು ಯಾರೂ ಮುಟ್ಟಿರಲಿಲ್ಲ.

ನನ್ನ ವಿದ್ಯಾರ್ಥಿನಿಗೆ ಅಂದು ನಾನು ಮಾಡಿ ತೋರಿಸಬೇಕಾಗಿದ್ದುದನ್ನು ಈಗ ಪ್ರತಿ ವರ್ಷ ಮಾಡುತ್ತೇನೆ. ನೋಡಲು ಅವಳಿಗಳಂತಿರುವ 256 ಮತ್ತು 288 ಹರ್ಟ್ಸ್‌ನ ಕವೆಗಳನ್ನು ಎದುರುಬದುರು ಇಟ್ಟು ಒಂದನ್ನು ತಟ್ಟುತ್ತೇನೆ, ಇನ್ನೊಂದು ಮಾತಾಡುವುದಿಲ್ಲ. ಕವೆಯನ್ನು ಯಾವ ರೀತಿಯಲ್ಲೂ ಹೋಲದ ತಂತಿಯೊಂದನ್ನು 256ಕ್ಕೆ ಬಿಗಿದಿಟ್ಟರೆ ಅದರ ಮೇಲಿನ ಕಾಗದದ ಚೂರು ಹಾರಿ ಬೀಳುತ್ತದೆ. ಆಮೇಲೆ ಸಮಾನ ಕವೆಗಳಲ್ಲೊಂದರ ತುದಿಗೆ ಮೇಣ ಅಂಟಿಸುವ ಮುನ್ನ ಏನಾಗುತ್ತದೆಂದು ಎಲ್ಲರೂ ಬರೆದಿಡಬೇಕು. ಒಮ್ಮೆ ಹೀಗೆಯೇ ಬರೆಸಿದಾಗ ಅರ್ಧ ತರಗತಿ ತಪ್ಪು ಬರೆದಿತ್ತು. ಒಬ್ಬ ಹುಡುಗ ಎಷ್ಟು ಮೇಣಕ್ಕೆ ಎಷ್ಟು ಹರ್ಟ್ಸ್ ಇಳಿಯುತ್ತದೆ ಎಂದು ಕೇಳಿದ; ತಕ್ಕಡಿ ತರಲು ಅವನನ್ನೇ ಕಳಿಸಿದೆ.