ಮನೆ ಸಿಗದವರು ತೆರೆದ ಮನೆ

ಡಚ್ ಲೇಖಕಿ ಆನ್ಯೆತ್ ವಾನ್ ಡೆರ್ ಝೈಲ್ ಅವರ ‘ಸನ್ನಿ ಬಾಯ್’ 2004ರಲ್ಲಿ ಪ್ರಕಟವಾದ ಕೃತಿ. ಕಾದಂಬರಿಯಂತೆ ಓದಿಸಿಕೊಂಡು ಹೋಗುವುದಾದರೂ ಇದು ಕಾದಂಬರಿಯಲ್ಲ. ಪತ್ರಗಳು, ದಾಖಲೆಗಳು, ಬದುಕಿ ಉಳಿದವರ ನೆನಪುಗಳು ಇವುಗಳ ಆಧಾರದಿಂದ ಕಟ್ಟಿದ ಒಂದು ಕುಟುಂಬದ ನಿಜವಾದ ಚರಿತ್ರೆ. ಯುದ್ಧಕಾಲದ ತ್ಯಾಗವನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಜಯಘೋಷ ಇದರಲ್ಲಿಲ್ಲವಾದ್ದರಿಂದಲೇ ಇದನ್ನು ನಮ್ಮ ವಾಚಕರ ಗಮನಕ್ಕೆ ತರಬೇಕೆನಿಸಿತು.

ವಾಲ್ಡೆಮಾರ್ ನಾಡ್ಸ್ ಹುಟ್ಟಿದ್ದು 1908ರಲ್ಲಿ, ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮಿನ ರಾಜಧಾನಿ ಪರಮಾರಿಬೊದಲ್ಲಿ. ಅಲ್ಲಿ ಗುಲಾಮಗಿರಿ ರದ್ದಾದುದು 1863ರಲ್ಲಿ. ಹತ್ತು ವರ್ಷಗಳ ತರುವಾಯ ಅದೇ ತೋಟಗಳ ದುಡಿಮೆಗೆ ಭಾರತದಿಂದ ಕರಾರು ಕೂಲಿಗಳನ್ನು ಹಡಗು ಹತ್ತಿಸಿದರೆಂಬುದು ನಮ್ಮಲ್ಲಿ ಕೆಲವರಿಗಾದರೂ ತಿಳಿದ ಸಂಗತಿ. ನದೀತೀರದಲ್ಲಿ ಈಜುತ್ತ ಬೆಳೆದ ಈ ಕಪ್ಪು ತರುಣ 1927ರಲ್ಲಿ ವಿದ್ಯಾಭ್ಯಾಸಕ್ಕಾಗಿ ನೆದರ್‌ಲೆಂಡ್ಸಿಗೆ ಬರುತ್ತಾನೆ. ಹೇಗ್ ನಗರದಲ್ಲಿ ಅವನು ಬಾಡಿಗೆ ಕೋಣೆ ಹಿಡಿದ ಮನೆಯ ಒಡತಿ ರೀಕಾ ವಾನ್ ಡೆರ್ ಲಾನ್ಸ್, ಗಂಡನಿಂದ ಅಗಲಿ ಬಂದ ನಾಲ್ಕು ಮಕ್ಕಳ ತಾಯಿ, ಅವನಿಗಿಂತ ಹದಿನೇಳು ವರ್ಷ ಹಿರಿಯಳಾದ ಬಿಳಿಯ ಸ್ತ್ರೀ. 1929ರಲ್ಲಿ ಇವರಿಬ್ಬರಿಗೆ ಮಗ ಹುಟ್ಟುತ್ತಾನೆ. ಗಂಡ ವಿಚ್ಛೇದನಕ್ಕೆ ಒಪ್ಪದೆ ವರ್ಷಗಳು ಉರುಳುತ್ತವೆ. ಇವರ ವಿವಾಹ ನಡೆಯುವುದು 1937ರಲ್ಲಿ. ಅಷ್ಟರೊಳಗೆ ಮೊದಲ ಮಕ್ಕಳು ತಾಯಿಯಿಂದ ದೂರವಾಗಿರುತ್ತಾರೆ, ಮನೆ ಕೊಟ್ಟವರು ಹೊರಗೆ ಹಾಕಿರುತ್ತಾರೆ.

ಲೇಖಕಿ ಈ ಭಾಗವನ್ನು ಬರೆದಿರುವ ಬಗೆ ಮೆಚ್ಚತಕ್ಕದ್ದು. ಆ ತಿರಸ್ಕಾರವನ್ನು ತೋರಿದವರು ದುಷ್ಟರಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ನೆರೆಯವರ ಕಾಯಿಲೆ ಕಸಾಲೆ ವಿಚಾರಿಸುವ ಸಂಭಾವಿತರು. ಜರ್ಮನ್ ಸೇನೆ 1940ರ ಮೇ ತಿಂಗಳಲ್ಲಿ ಗಡಿ ದಾಟುವುದಕ್ಕೆ ಹತ್ತು ವರ್ಷ ಮೊದಲೇ, ಯಾವ ಜನಾಂಗೀಯ ಕಾನೂನಿನ ಒತ್ತಾಯವೂ ಇಲ್ಲದೆ, ಒಂದು ಕೂಸಿನ ಮೈಬಣ್ಣವನ್ನು ನೋಡಿ ಬಾಗಿಲು ಮುಚ್ಚಿಕೊಂಡ ಬೀದಿಗಳು ಅವು. ಇದನ್ನು ಓದುವಾಗ ಬಾಡಿಗೆಗೆ ಮನೆ ಕೇಳಿ ಬಂದವರನ್ನು ನಾವು ಮೊದಲು ಏನೇನು ವಿಚಾರಿಸುತ್ತೇವೆಂಬುದು ನನಗೆ ನೆನಪಾಗದೆ ಇರಲಿಲ್ಲ.

ಮುಂದೆ ದಂಪತಿಗಳು ಸ್ಖೇವೆನಿಂಗನ್ನಿನ ಕಡಲತೀರದಲ್ಲಿ ಒಂದು ಅತಿಥಿಗೃಹವನ್ನು ತೆರೆಯುತ್ತಾರೆ. 1942ರಲ್ಲಿ ಜರ್ಮನರು ಕರಾವಳಿಯ ಕೋಟೆಕೆಲಸಕ್ಕಾಗಿ ಆ ಪ್ರದೇಶವನ್ನು ಬರಿದು ಮಾಡಿಸಿದಾಗ ನಗರದೊಳಕ್ಕೆ ಬಂದು ನೆಲಸುತ್ತಾರೆ. ಅಲ್ಲಿ ಅವರ ಮನೆ ತಲೆಮರೆಸಿಕೊಂಡ ಯಹೂದಿಗಳ ಅಡಗುದಾಣವಾಗುತ್ತದೆ. ನೆದರ್‌ಲೆಂಡ್ಸಿನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಸುಮಾರು 1,02,000 ಮಂದಿ ಹತರಾದರು. 1943ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದ ಒಬ್ಬ ಯಹೂದಿಯನ್ನು ಹಿಡಿದುಕೊಟ್ಟವರಿಗೆ ಏಳೂವರೆ ಗಿಲ್ಡರ್ ಬಹುಮಾನವಿತ್ತು. ಅಂಥ ಕಾಲದಲ್ಲಿ ಬಾಗಿಲು ತೆರೆದದ್ದು, ಬಾಗಿಲು ಮುಚ್ಚಿಸಿಕೊಂಡಿದ್ದ ಈ ಕುಟುಂಬ.

ನೊಂದವರಿಗೆ ತಾನೆ ನೋವು ಗೊತ್ತು ಎಂದು ಇಲ್ಲಿ ಸುಲಭವಾಗಿ ಹೇಳಿಬಿಡಬಹುದು. ಕೃತಿಯನ್ನು ಹೊಗಳುವವರು ಹಾಗೆಯೇ ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ನೋವು ಮನುಷ್ಯನನ್ನು ಮೃದುವಾಗಿಸುವಂತೆಯೇ ಜಿಪುಣನನ್ನಾಗಿಯೂ ಮಾಡುತ್ತದೆ. ಕಷ್ಟಪಟ್ಟು ಸಂಪಾದಿಸಿದ ಸೂರನ್ನು ಬಿಗಿಹಿಡಿದವರೇ ಹೆಚ್ಚು. ರೀಕಾ ಹಾಗೆ ಮಾಡಿದ್ದರೆ ಯಾರೂ ಆಕೆಯನ್ನು ದೂರುತ್ತಿರಲಿಲ್ಲ. ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವನ್ನೂ ದಾನವೆಂದು ಎಣಿಸುವ ವಾಚಕರಿಗೆ ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾಗಿ ತೋರೀತು. ದಾನ ಕೊಡತಕ್ಕದ್ದು ತನ್ನದನ್ನು. ಇಲ್ಲಿ ಪಣಕ್ಕೆ ಬಿದ್ದದ್ದು ಹದಿಹರೆಯದ ಮಗನ ಬದುಕೂ ಹೌದು. ಅವನನ್ನು ಕೇಳಿ ಬಾಗಿಲು ತೆರೆಯಲಿಲ್ಲ. ಹಾಗೆಂದು ಮಗನ ಕ್ಷೇಮದ ಹೆಸರಿನಲ್ಲಿ ಬಾಗಿಲು ಬಡಿದವರನ್ನು ಬೀದಿಗೆ ಕಳಿಸಿದ್ದರೆ, ಆ ಕ್ಷೇಮದಲ್ಲಿ ಬೆಳೆದ ಮಗ ಎಂಥವನಾಗುತ್ತಿದ್ದ? ನಾನು ಎರಡು ಸಲ ಓದಿಯೂ ಒಂದು ಪಕ್ಷಕ್ಕೆ ನಿಲ್ಲಲಾರದೆ ಹೋದೆ. ಲೇಖಕಿಯೂ ತೀರ್ಪು ಕೊಡುವುದಿಲ್ಲ. ಅದು ಈ ಕೃತಿಯ ಪ್ರಾಮಾಣಿಕತೆ.

1944ರ ಜನವರಿ 18ರಂದು ಪೊಲೀಸರು ಮನೆಗೆ ನುಗ್ಗಿದರು. ರೀಕಾ 1945ರ ಆರಂಭದಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ತೀರಿಕೊಂಡಳು. ವಾಲ್ಡೆಮಾರನನ್ನು ನೋಯೆನ್‌ಗಾಮ ಶಿಬಿರಕ್ಕೆ ಒಯ್ದರು. ಯುದ್ಧದ ಕೊನೆಯ ದಿನಗಳಲ್ಲಿ ಆ ಶಿಬಿರದ ಕೈದಿಗಳನ್ನು ಜರ್ಮನರು ಲ್ಯೂಬೆಕ್ ಕೊಲ್ಲಿಯಲ್ಲಿದ್ದ ‘ಕಾಪ್ ಅರ್ಕೋನಾ’ ಮೊದಲಾದ ಹಡಗುಗಳಿಗೆ ತುಂಬಿದರು. ಮೇ 3ರಂದು ಬ್ರಿಟಿಷ್ ವಿಮಾನಗಳು ಆ ಹಡಗುಗಳ ಮೇಲೆ ಬಾಂಬು ಸುರಿದವು. ಸುಮಾರು 7,000 ಮಂದಿ ಸತ್ತರು. ಉರಿಯುವ ಹಡಗಿನಿಂದ ತಣ್ಣನೆಯ ನೀರಿಗೆ ಹಾರಿದ ವಾಲ್ಡೆಮಾರ್ ದಡದವರೆಗೂ ಈಜಿದ. ದಡದಲ್ಲಿ ಹುಡುಗುಪ್ರಾಯದ ಜರ್ಮನ್ ಸೈನಿಕರು ಅವನನ್ನು ಗುಂಡಿಟ್ಟು ಕೊಂದರು. ಎರಡು ದಿನ ಕಳೆದರೆ ನೆದರ್‌ಲೆಂಡ್ಸ್ ಬಿಡುಗಡೆಯಾಯಿತು.

ಕೃತಿಯ ಕೊರತೆಯನ್ನೂ ಹೇಳಬೇಕು. ರೀಕಾ ಪುಟಪುಟದಲ್ಲಿ ಮಾತನಾಡುತ್ತಾಳೆ, ಸಿಟ್ಟಾಗುತ್ತಾಳೆ, ನಗುತ್ತಾಳೆ. ವಾಲ್ಡೆಮಾರ್ ಮಾತ್ರ ಮೃದು, ಮಿತಭಾಷಿ, ಚೆಲುವ ಎಂಬಷ್ಟರಲ್ಲೇ ನಿಂತುಬಿಡುತ್ತಾನೆ. ಬಿಳಿಯರ ನಗರದಲ್ಲಿ ಹದಿನೇಳು ವರ್ಷ ಬಾಳಿದವನ ಒಳಗೆ ಏನಿತ್ತು? ದಾಖಲೆಯಿಲ್ಲದೆಡೆ ಕಲ್ಪನೆಯನ್ನು ಹರಿಯಬಿಡದ ಸಂಯಮ ಒಳ್ಳೆಯದೇ, ಆದರೆ ಕಾಣದಿರುವುದನ್ನು ಕಾಣುತ್ತಿಲ್ಲವೆಂದು ಬಾಯಿಬಿಟ್ಟು ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು. ಮರಿಯಾ ಪೀಟರ್ಸ್ 2011ರಲ್ಲಿ ತೆಗೆದ ಚಲನಚಿತ್ರದಲ್ಲಿ ಪ್ರೇಮಕಥೆಯೇ ಮುಂದೆ ನಿಂತು ಈ ಕೊರತೆ ಮತ್ತಷ್ಟು ಎದ್ದು ಕಾಣುತ್ತದೆ.

ಹೆಸರಿನ ವಿಷಯ ಉಳಿಯಿತು. ‘ಸನ್ನಿ ಬಾಯ್’ ಎಂಬುದು ತಂದೆತಾಯಿಯರು ಮಗನಿಗಿಟ್ಟ ಮುದ್ದಿನ ಹೆಸರು. 1928ರ ‘ದ ಸಿಂಗಿಂಗ್ ಫೂಲ್’ ಚಿತ್ರದಲ್ಲಿ ಅಲ್ ಜೋಲ್ಸನ್ ಹಾಡಿದ ಹಾಡಿನಿಂದ ಬಂದದ್ದು. ಜೋಲ್ಸನ್ ಲಿಥುವೇನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಯಹೂದಿ. ಚಿತ್ರದ ಕೊನೆಯಲ್ಲಿ ಅವನು ಆ ಹಾಡನ್ನು ಹಾಡುವುದು ಮುಖಕ್ಕೆ ಕಪ್ಪು ಬಳಿದುಕೊಂಡು, ಕಪ್ಪುಜನರ ವೇಷದಲ್ಲಿ. ನಿಜವಾಗಿ ಕಪ್ಪಗಿದ್ದ ತಂದೆಯೊಬ್ಬ ಆ ಹಾಡಿನ ಹೆಸರನ್ನು ಮಗನಿಗೆ ಕೊಟ್ಟು, ಮುಂದೆ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಸತ್ತ. 2019ರ ಇಂಗ್ಲಿಷ್ ಅನುವಾದದವರು ಈ ಶೀರ್ಷಿಕೆಯನ್ನು ಕೈಬಿಟ್ಟು ‘ದ ಬಾಯ್ ಬಿಟ್ವೀನ್ ವರ್ಲ್ಡ್ಸ್’ ಎಂದು ಕರೆದಿದ್ದಾರೆ. ಏಕೆ ಬದಲಿಸಿದರೋ, ನನಗಂತೂ ಹಳೆಯ ಹೆಸರೇ ಇರಬೇಕಿತ್ತೆನಿಸುತ್ತದೆ.