ರಕ್ತ ಹರಿಯುವ ಹೆಣಿಗೆ

ಹಿಗ್ಗಿದ ಮಹಾಪಧಮನಿಯ ಜಾಗಕ್ಕೆ ಬಟ್ಟೆಯ ಕೊಳವೆ ಜೋಡಿಸಿ ಮನುಷ್ಯನನ್ನು ಉಳಿಸಬಹುದೆಂಬ ಧೈರ್ಯ 1950ರ ದಶಕದ್ದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ನೈಲಾನ್ ತರಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಎಂಬ ಪಾಲಿಯೆಸ್ಟರ್ ಸಿಕ್ಕಿತು. ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಅದನ್ನೇ ಕೊಳವೆಯಾಗಿ ಹೊಲಿದರು. ಮುಂದೆ ಹೊಲಿಗೆಯೇ ಇಲ್ಲದೆ ಯಂತ್ರದಿಂದ ದುಂಡಗೆ ಹೆಣೆದು ಇಳಿಯುವ ಕೊಳವೆಗಳು ಬಂದವು.

ನೇಯ್ದ ಬಟ್ಟೆ ಬಿಗಿ, ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಹೆಣಿಗೆಯಲ್ಲಿ ಕುಣಿಕೆಯೊಳಗೆ ಕುಣಿಕೆ. ಅದು ಬಾಗುತ್ತದೆ, ವೈದ್ಯರ ಸೂಜಿಗೆ ಸಲೀಸಾಗಿ ಒಗ್ಗುತ್ತದೆ. ಕುಣಿಕೆಗಳ ನಡುವಿನ ರಂಧ್ರಗಳಲ್ಲಿ ದೇಹದ ಅಂಗಾಂಶ ಬೇರು ಬಿಡುತ್ತದೆ. ಆದರೆ ಅದೇ ರಂಧ್ರಗಳಿಂದ ರಕ್ತವೂ ಸೋರುತ್ತದಲ್ಲ! ಮೊದಮೊದಲು ಕೊಳವೆಯನ್ನು ರೋಗಿಯದೇ ರಕ್ತದಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ ರಂಧ್ರ ಮುಚ್ಚುತ್ತಿದ್ದರು. ಪ್ರಾಣ ಹೋಗುವ ತುರ್ತಿನಲ್ಲಿ ಅದಕ್ಕೆ ಪುರುಸೊತ್ತೆಲ್ಲಿ? ಹೆಪ್ಪು ತಡೆಯುವ ಹೆಪಾರಿನ್ ಔಷಧ ಕೊಟ್ಟಮೇಲಂತೂ ರಕ್ತ ಹೆಪ್ಪುಗಟ್ಟುವುದೇ ಇಲ್ಲ.

ಕಾರ್ಖಾನೆಯಲ್ಲೇ ಕೊಲಾಜೆನ್ ಅಥವಾ ಜೆಲಾಟಿನ್ ಎಂಬ ಪ್ರೊಟೀನ್ ಲೇಪಿಸಿದ ಕೊಳವೆಗಳು ಈ ತೊಡಕನ್ನು ಬಿಡಿಸಿದವು. ನನ್ನನ್ನು ಬೆರಗುಗೊಳಿಸುವುದು ಆ ಲೇಪನದ ಹದ. ತೆಳುವಾದರೆ ಸೋರುತ್ತದೆ, ದಪ್ಪವಾದರೆ ಕೊಳವೆ ಗಡುಸಾಗಿ ಹೆಣಿಗೆಯ ಮೃದುತನವೇ ಹೋಗುತ್ತದೆ. ಅದಕ್ಕೇ ಕೊಲಾಜೆನ್ನಿಗೆ ಗ್ಲಿಸರಿನ್ ಬೆರೆಸಿ ಮೆತ್ತಗಿಡುತ್ತಾರೆ. ಜೆಲಾಟಿನ್ ಎಷ್ಟು ಬೇಗ ಕರಗಬೇಕೆಂಬುದನ್ನು ಅದರ ಅಣುಗಳನ್ನು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಬೆಸೆಯಬೇಕೆಂಬ ಲೆಕ್ಕದಲ್ಲೇ ನಿಗದಿ ಮಾಡುತ್ತಾರೆ. ಕೆಲವೇ ವಾರಗಳಲ್ಲಿ ಲೇಪನವನ್ನು ದೇಹ ಕರಗಿಸಿಕೊಳ್ಳುತ್ತದೆ. ತೆರವಾದ ರಂಧ್ರಗಳಿಗೆ ರೋಗಿಯ ಸ್ವಂತ ಅಂಗಾಂಶ ಇಳಿಯುತ್ತದೆ.